ನಾಲ್ಕನೇ ಬೋರಿನ ಮೂರು ಮೀಟರ್

ವರದಿಗೆ ನಾನು ಸಹಿ ಹಾಕಬೇಕಾಗಿದ್ದದ್ದು ಸೋಮವಾರ. ಗುರುವಾರ ಮಧ್ಯಾಹ್ನ ಮೊಸರನ್ನದ ಡಬ್ಬಿ ತೊಳೆದಿಟ್ಟು ಬಂದು, ಇರಲಿ, ಕೊನೆಯದಾಗಿ ಒಂದು ಸಲ ನೋಡಿಬಿಡೋಣ ಎಂದು ದಕ್ಷಿಣದ ಸಾಲಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದೆ. ನೋಡದೆ ಇದ್ದಿದ್ದರೆ ಆ ಶನಿವಾರ ಮಗಳ ಜೊತೆ ಬಟ್ಟೆ ಅಂಗಡಿಗೆ ಹೋಗಿರುತ್ತಿದ್ದೆ.

ನನ್ನ ಕೆಲಸ ಏನೆಂದು ಎರಡು ಮಾತು ಹೇಳಿಬಿಡಬೇಕು. ನೆಲದ ಕೆಳಗೆ ಕಲ್ಲಿದ್ದಲು ಇದೆಯೇ, ಇದ್ದರೆ ಎಷ್ಟು ಆಳದಲ್ಲಿ, ಎಷ್ಟು ದಪ್ಪ, ಒಟ್ಟು ಎಷ್ಟು ಟನ್ನು ಎಂದು ಸರ್ಕಾರಕ್ಕೆ ಬರೆದುಕೊಡುವುದು. ನಮ್ಮ ಚೆನ್ನೈ ಕಚೇರಿಯ ಪಾಲಿಗೆ ಬರುವುದು ಕಪ್ಪು ಕಲ್ಲಿದ್ದಲಲ್ಲ, ಲಿಗ್ನೈಟ್. ಹಳೆ ಬೆಲ್ಲದ ಬಣ್ಣ, ಮೆತ್ತಗಿನ ಮೈ; ಒದ್ದೆಯಿದ್ದಾಗ ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ. ಗದ್ದೆಬಯಲಿನಲ್ಲಿ ಅಷ್ಟಷ್ಟು ದೂರಕ್ಕೆ ರಿಗ್ಗು ನಿಲ್ಲಿಸಿ ಬೋರ್ ಕೊರೆದು, ಒಳಗಿನಿಂದ ಕೋಲಿನ ಹಾಗೆ ಬರುವ ಮಣ್ಣು ಮರಳು ಲಿಗ್ನೈಟನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತೇವೆ. ಆ ಕೋಲಿಗೆ ಕೋರ್ ಎಂದು ಹೆಸರು. ಪದರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಅಳೆದರೆ ದಪ್ಪ ಸಿಕ್ಕಿತು. ವಿಸ್ತೀರ್ಣ, ದಪ್ಪ, ಸಾಂದ್ರತೆ ಮೂರನ್ನೂ ಗುಣಿಸಿದರೆ ಟನ್ನು ಸಿಕ್ಕಿತು. ಗುಣಾಕಾರವನ್ನು ಮಕ್ಕಳೂ ಮಾಡುತ್ತಾರೆ. ಕಷ್ಟವೆಲ್ಲ ಆ ಮೂರು ಸಂಖ್ಯೆಗಳನ್ನು ನಂಬುವುದರಲ್ಲಿ.

ಚೆನ್ನೈಯಿಂದ ರೈಲಿನಲ್ಲಿ ಆರು ಗಂಟೆ ದೂರದ ಒಂದು ಗದ್ದೆಬಯಲಿನ ವರದಿ ಅದು. ಉತ್ತರದ ಸಾಲುಗಳಲ್ಲಿ ಪದರ ಎಂಟು ಮೀಟರ್ ಆಸುಪಾಸು ದಪ್ಪವಿದ್ದು, ನಿಧಾನವಾಗಿ ದಕ್ಷಿಣಕ್ಕೆ ಇಳಿಯುತ್ತ ಹೋಗುತ್ತದೆ. ದಕ್ಷಿಣದ ಕೊನೆಯ ಸಾಲಿಗೆ ಬಂದಾಗ ಇದ್ದಕ್ಕಿದ್ದ ಹಾಗೆ ಮೂರು ಮೀಟರ್ ಮೇಲಕ್ಕೆ ಎದ್ದು ನಿಲ್ಲುತ್ತದೆ. ಭೂಮಿ ಅಲ್ಲಿ ಸೀಳಿ ಒಂದು ಬದಿ ಮೇಲೆ ಸರಿದಿದೆ, ಸ್ತರಭಂಗ, ಎಂದು ನಾವು ಕೆಂಪು ಗೆರೆ ಎಳೆದಿದ್ದೆವು. ಆ ಸಾಲಿನ ನಾಲ್ಕನೇ ಬೋರಿನಲ್ಲಿ ಪದರ ಹನ್ನೊಂದು ಮೀಟರಿಗೂ ಸ್ವಲ್ಪ ಮೇಲೆ. ಸ್ತರಭಂಗದ ಪಕ್ಕದಲ್ಲಿ ತಗ್ಗು, ತಗ್ಗಿನಲ್ಲಿ ದಪ್ಪ ಪದರ. ಕೇಳಲು ಸೊಗಸಾದ ಕಥೆ. ಅದೇ ಕಥೆಯ ಮೇಲೆ, ಗಣಿ ತೆಗೆಯುವುದಾದರೆ ಮೊದಲ ಗುಂಡಿ ಈ ಮೂಲೆಯಲ್ಲೇ ಎಂದು ನಕ್ಷೆಯಲ್ಲಿ ಚುಕ್ಕೆಗೆರೆಯ ಚೌಕವೊಂದು ಬಿದ್ದಿತ್ತು. ಆ ಚೌಕದೊಳಗೆ ಒಂದು ಊರು ಇತ್ತು.

ಆ ಊರನ್ನು ನಾನು ಬಲ್ಲೆ. ಎರಡು ವರ್ಷದ ಹಿಂದೆ ನಾಲ್ಕನೇ ಬೋರ್ ಕೊರೆದ ಗದ್ದೆಯ ಒಡತಿ ನಮ್ಮ ಶಿಬಿರಕ್ಕೆ ಕುಡಿಯುವ ನೀರು ಕೊಟ್ಟವಳು. ಅಗಲ ಮುಖದ, ನಗುವಾಗ ಸೆರಗು ಬಾಯಿಗೆ ಒತ್ತುವ ಹೆಂಗಸು. ಕೆಳಗೆ ಏನಿದೆಯಮ್ಮಾ ಎಂದು ದಿನಾ ಕೇಳುತ್ತಿದ್ದಳು. ನಾನೂ ಏನೋ ದೊಡ್ಡ ಮನುಷ್ಯಳ ಹಾಗೆ, ಇದ್ದದ್ದನ್ನು ಇರುವಷ್ಟೇ ಬರೆಯುತ್ತೇವೆ, ಒಂದು ಗೇಣು ಜಾಸ್ತಿ ಇಲ್ಲ, ಒಂದು ಗೇಣು ಕಡಿಮೆ ಇಲ್ಲ ಎಂದು ಮಾತು ಕೊಟ್ಟಿದ್ದೆ.

ಗುರುವಾರ ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ. ಉತ್ತರದ ಇಳಿಜಾರನ್ನು ಅದೇ ಓರೆಯಲ್ಲಿ ದಕ್ಷಿಣದವರೆಗೆ ಎಳೆದು, ಪದರದ ತಲೆ ಎಲ್ಲಿ ಬರಬೇಕಿತ್ತು, ಎಲ್ಲಿ ಬಂದಿದೆ ಎಂದು ನಾಲ್ಕೂ ಬೋರಿಗೆ ಲೆಕ್ಕ ಹಾಕಿದೆ. ಮೊದಲನೆಯದರಲ್ಲಿ ವ್ಯತ್ಯಾಸ ಎರಡು ಪಾಯಿಂಟ್ ಒಂಬತ್ತು. ಎರಡನೆಯದರಲ್ಲಿ ಮೂರು ಪಾಯಿಂಟ್ ಒಂದು. ಮೂರನೆಯದರಲ್ಲಿ ಸರಿಯಾಗಿ ಮೂರು. ನಾಲ್ಕನೆಯದರಲ್ಲಿ ತಲೆ ಮೂರು ಮೀಟರ್ ಮೇಲಿದೆ, ಬುಡ ಮಾತ್ರ ಇರಬೇಕಾದ ಜಾಗದಲ್ಲೇ ಇದೆ.

ಸ್ತರಭಂಗ ಹೀಗೆ ನಡೆದುಕೊಳ್ಳುವುದಿಲ್ಲ. ಒಂದು ಕಡೆ ಐದು ಮೀಟರ್ ಎತ್ತುತ್ತದೆ, ಅರ್ಧ ಮೈಲಿ ಆಚೆ ಒಂದು ಮೀಟರಿಗೆ ಸೊರಗುತ್ತದೆ. ನಾಲ್ಕು ಬೋರಿನ ಉದ್ದಕ್ಕೂ ಮೂರು ಮೂರು ಮೀಟರ್ ಅಳೆದು ಎತ್ತಲು ಭೂಮಿಗೆ ಮೀಟರ್ ಗೊತ್ತಿಲ್ಲ. ಮೂರು ಮೀಟರ್ ಯಾರಿಗೆ ಗೊತ್ತೆಂದರೆ ರಿಗ್ಗಿಗೆ. ಒಂದಕ್ಕೊಂದು ಜೋಡಿಸಿ ಬೋರಿನೊಳಗೆ ಇಳಿಸುವ ನಮ್ಮ ಒಂದೊಂದು ರಾಡಿನ ಉದ್ದ ಮೂರು ಮೀಟರ್; ಎಷ್ಟು ರಾಡು ಇಳಿಯಿತೆಂದು ಎಣಿಸಿಯೇ ಆಳ ಬರೆಯುವುದು.

ಇಂಥ ಅನುಮಾನ ಪರಿಹರಿಸಲೆಂದೇ ಒಂದು ಉಪಾಯವಿದೆ. ಬೋರ್ ಮುಗಿದ ಮೇಲೆ ಕೇಬಲ್ಲಿಗೆ ಕಟ್ಟಿದ ಉಪಕರಣವನ್ನು ಒಳಗಿಳಿಸಿ ಪದರಗಳ ಆಳವನ್ನು ಬೇರೆಯಾಗಿ ಅಳೆಯುತ್ತಾರೆ. ಅದಕ್ಕೆ ಲಾಗಿಂಗ್ ಎನ್ನುತ್ತೇವೆ. ಉತ್ತರದ ಎಲ್ಲ ಬೋರುಗಳಿಗೂ ಆಗಿತ್ತು. ದಕ್ಷಿಣದ ಸಾಲು ಶುರುವಾಗುವ ಹೊತ್ತಿಗೆ ಆ ಉಪಕರಣ ಇನ್ನೊಂದು ಬೋರಿನಲ್ಲಿ ಮರಳು ಕುಸಿದು ಹೂತುಹೋಯಿತು. ಹೊಸದು ಬರುವಷ್ಟರಲ್ಲಿ ಈ ನಾಲ್ಕೂ ಬೋರುಗಳು ಮುಚ್ಚಿಕೊಂಡಿದ್ದವು. ಉಳಿದದ್ದು ಕೋರ್ ಪೆಟ್ಟಿಗೆಗಳು ಮತ್ತು ರಿಜಿಸ್ಟರು. ಆ ರಿಜಿಸ್ಟರಿನ ಅಕ್ಷರ ನನ್ನದು.

ಶುಕ್ರವಾರ ಬೆಳಗ್ಗೆ ನಿರ್ದೇಶಕರ ಕೋಣೆಗೆ ಹೋದೆ. ಅವರು ಕುಂಭಕೋಣದ ಕಡೆಯವರು, ಮೂವತ್ತು ವರ್ಷ ಲಿಗ್ನೈಟಿನ ಹಿಂದೆ ಅಲೆದವರು, ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಈ ವರದಿಯೇ ಅವರ ಕೊನೆಯ ವರದಿ. ಮಂಗಳವಾರ ಸರ್ಕಾರದ ಸಮಿತಿಯ ಮುಂದೆ ಅದನ್ನು ಅವರೇ ಮಂಡಿಸಬೇಕಿತ್ತು. ವಿಮಾನದ ಟಿಕೆಟ್ಟೂ ಆಗಿತ್ತು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಕೇಳಿ, ನಾಲ್ಕು ಬೋರ್ ಒಂದೇ ಮಾತು ಹೇಳುತ್ತಿದೆ, ನೀನೊಬ್ಬಳು ಬೇರೆ ಮಾತು ಹೇಳುತ್ತಿದ್ದೀಯೆ, ನಾಲ್ಕನೆಯದರಲ್ಲಿ ಮೂರು ಮೀಟರ್ ಕೋರ್ ಯಾಕೆ ಬರಲಿಲ್ಲ ಎಂದು ನೀನೇ ಕಾರಣ ಬರೆದಿದ್ದೀಯಲ್ಲ ಎಂದರು.

ಬರೆದಿದ್ದೆ. ಅದನ್ನೂ ಹೇಳಬೇಕು. ನಾಲ್ಕನೇ ಬೋರ್ ಲಿಗ್ನೈಟಿನ ಮಧ್ಯದಲ್ಲಿದ್ದಾಗ ಕೊರೆಯುವ ತಂಡ ಬದಲಾಯಿತು. ಮೊದಲ ತಂಡದ ಪಾಳಿ ಮುಗಿದು ಎರಡನೇ ತಂಡ ಬರುವವರೆಗೆ, ಬೋರ್ ಕುಸಿಯದಿರಲಿ ಎಂದು ಅರ್ಧ ದಿನ ಕೆಸರುನೀರನ್ನು ಒಳಗೆ ಓಡಿಸುತ್ತಲೇ ಇದ್ದೆವು. ಎರಡನೇ ತಂಡ ರಾಡು ಇಳಿಸಿ ನೋಡಿದರೆ ತಳ ನನ್ನ ರಿಜಿಸ್ಟರಿಗಿಂತ ಮೂರು ಮೀಟರ್ ಕೆಳಗೆ ಸಿಕ್ಕಿತು. ಮೆತ್ತನೆಯ ಲಿಗ್ನೈಟು ನೀರಿಗೆ ಕೊಚ್ಚಿಹೋಗಿದೆ ಎಂದುಕೊಂಡೆ. ಮೇಲೂ ಲಿಗ್ನೈಟು, ಕೆಳಗೂ ಲಿಗ್ನೈಟು. ಮಧ್ಯದಲ್ಲಿ ಕಳೆದುಹೋದದ್ದೂ ಲಿಗ್ನೈಟೇ ಎಂದು ಹಿಡಿಯುವುದು ನಮ್ಮಲ್ಲಿ ವಾಡಿಕೆ. ಹಾಗೆಂದು ಬರೆದು ಕೆಳಗೆ ಗೆರೆ ಎಳೆದೆ. ಎಂಟು ಮೀಟರ್ ಹನ್ನೊಂದಾದದ್ದು ಆ ಒಂದು ಸಾಲಿನಿಂದ.

ನಿರ್ದೇಶಕರು ಕನ್ನಡಕ ಹಾಕಿಕೊಂಡು, “ಅಮ್ಮಾ, ಅನುಮಾನವನ್ನು ಸಮಿತಿಯ ಮುಂದೆ ಇಡಕ್ಕಾಗಲ್ಲ. ಸೋಮವಾರ ಹತ್ತು ಗಂಟೆಗೆ ಕೈಯಲ್ಲಿ ಏನಾದರೂ ಹಿಡ್ಕೊಂಡು ಬಾ. ಇಲ್ಲಾಂದ್ರೆ ಸಹಿ ಹಾಕು” ಎಂದರು. ಮಾತು ತಮಿಳಿನಲ್ಲಿ, ಗದರಿಕೆ ಇರಲಿಲ್ಲ. ಗದರಿದ್ದರೆ ಎಷ್ಟೋ ವಾಸಿಯಾಗಿತ್ತು.

ನನ್ನ ಜಾಗಕ್ಕೆ ಬಂದು ರಜೆ ಪಟ್ಟಿ, ಪಾಳಿ ಪಟ್ಟಿ ಎಲ್ಲ ತೆಗೆದು ನಾಲ್ಕು ಬೋರುಗಳ ಪಕ್ಕದಲ್ಲಿ ಯಾರು ಯಾರು ಕೊರೆದರು ಎಂದು ಬರೆದೆ. ಮೊದಲ ಮೂರು ಬೋರು ಪೂರ್ತಿ ಮೊದಲ ತಂಡದ್ದು. ಮೂರರಲ್ಲೂ ಪದರ ತಲೆಯಿಂದ ಬುಡದವರೆಗೆ ಮೂರು ಮೀಟರ್ ಮೇಲೆ. ನಾಲ್ಕನೆಯದರಲ್ಲಿ ಪದರದ ತಲೆ ಮೊದಲ ತಂಡದ್ದು, ಮೂರು ಮೀಟರ್ ಮೇಲೆ. ಬುಡ ಎರಡನೇ ತಂಡದ್ದು, ಜಾಗದಲ್ಲೇ. ನಮ್ಮ ಕೆಂಪು ಗೆರೆ ಭೂಮಿಯನ್ನು ಹಿಂಬಾಲಿಸಿರಲಿಲ್ಲ, ಪಾಳಿ ಪಟ್ಟಿಯನ್ನು ಹಿಂಬಾಲಿಸಿತ್ತು.

ಹಾಗಾದರೆ ಮೊದಲ ತಂಡ ಒಂದು ರಾಡು ಕಡಿಮೆ ಎಣಿಸಿತ್ತು. ಆ ತಂಡದ ಮೇಸ್ತ್ರಿ ಯಾರೆಂದು ನೆನಪಾದ ಕೂಡಲೇ ಪಾಳಿ ಪಟ್ಟಿಯನ್ನು ಮಡಿಸಿಟ್ಟೆ.

ಅವರು ಕೋಲಾರದ ಚಿನ್ನದ ಗಣಿಯ ಕಡೆಯವರು. ಅಪ್ಪ ಗಣಿಯೊಳಗೆ ದುಡಿದವರು, ಇವರು ಸರ್ಕಾರಿ ರಿಗ್ಗಿನಲ್ಲಿ. ನಾನು ಕೆಲಸಕ್ಕೆ ಸೇರಿದ ವರ್ಷ, ಕೋರನ್ನು ಪೆಟ್ಟಿಗೆಗೆ ಇಳಿಸುವಾಗ ತಲೆ ಯಾವುದು ಕಾಲು ಯಾವುದು ಎಂದು ಗೊತ್ತಾಗದೆ ನಿಂತಿದ್ದಾಗ ಕೈಹಿಡಿದು ತೋರಿಸಿದವರು. ನಾನು ಮದರಾಸಿನಲ್ಲೇ ಹುಟ್ಟಿ ತಿರುವಲ್ಲಿಕ್ಕೇಣಿಯ ಅಜ್ಜಿಯ ಬಾಯಿಂದ ಕನ್ನಡ ಕಲಿತವಳು. ಆ ಶಿಬಿರದಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಅಜ್ಜಿ ಹೋದ ಮೇಲೆ ನನಗೆ ಕನ್ನಡ ಆ ರಿಗ್ಗಿನ ಸದ್ದಿನ ನಡುವೆಯೇ ಉಳಿದದ್ದು. ದಕ್ಷಿಣದ ಸಾಲೇ ಅವರ ಕೊನೆಯ ಕೆಲಸ. ಈಗ ತಾಂಬರಂನಲ್ಲಿ ಮಗಳ ಮನೆಯ ಮಹಡಿಯಲ್ಲಿದ್ದರು. ಅವರ ಬಳಿ ಹೋಗಿ ನಿಮ್ಮ ಎಣಿಕೆ ತಪ್ಪಿತಾ ಎಂದು ಕೇಳಬೇಕು.

ಕೋರ್ ಗೋದಾಮಿನ ಬೀಗದ ಕೈಯನ್ನು ಶುಕ್ರವಾರವೇ ಸಹಿ ಹಾಕಿ ತೆಗೆದುಕೊಂಡೆ. ಶನಿವಾರ ಬೆಳಗ್ಗೆ ತಾಂಬರಂ ಲೋಕಲ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಹೇಗೆ ಎತ್ತುವುದೆಂದು ಯೋಚಿಸಿದೆ. ಒಂದೂ ಸರಿಹೋಗಲಿಲ್ಲ.

ಮೇಸ್ತ್ರಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ನನ್ನನ್ನು ನೋಡಿ, “ಬಾಮ್ಮಾ ತಾಯಿ. ರಿಟೈರಾದ ಮ್ಯಾಲೆ ಆಪೀಸಿನೋರು ಮನೆಗೆ ಬಂದ್ರೆ ಎರಡೇ ಕಾರಣ. ಮದ್ವೆ ಕಾಗ್ದ, ಇಲ್ಲಾ ಏನೋ ಸಾಮಾನು ಕಾಣೆಯಾಗೈತೆ” ಎಂದು ನಕ್ಕರು.

ಅವರ ಹೆಂಡತಿ ಕಾಫಿ ತಂದುಕೊಟ್ಟರು. ಸಕ್ಕರೆ, ಮಂಡಿ, ಮೊಮ್ಮಗನ ಇಂಜಿನಿಯರಿಂಗು ಸೀಟು ಎಲ್ಲ ಮಾತಾಯಿತು. ಕಾಫಿ ಮುಗಿದ ಮೇಲೂ ಲೋಟ ಕೆಳಗಿಡದೆ ಕೂತಿದ್ದೆ. ಕೊನೆಗೆ ಅವರೇ, ಏನು ಕಾಣೆಯಾಯಿತು ಎಂದು ಕೇಳಿದರು.

“ಮೂರು ಮೀಟರ್, ಅಣ್ಣಾ” ಎಂದೆ.

ಎಲ್ಲ ಹೇಳಿದೆ. ಊರಿನ ಮೇಲೆ ಬಿದ್ದ ಚೌಕದ ವಿಷಯವನ್ನೂ. ಅವರು ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: “ಮೂವತ್ತಾರು ವರ್ಷ ರಾಡು ಎಣಿಸಿದ್ದೀನಿ. ಕುಡ್ದು ಬಂದು ಎಣಿಸಿಲ್ಲ, ನಿದ್ದೆಗಣ್ಣಲ್ಲಿ ಎಣಿಸಿಲ್ಲ. ನೀವು ಕೇಳ್ತಾ ಇರೋದು ಅದಾ?”

ಅದಲ್ಲ ಎಂದೆ. ಅದೇ ಆಗಿತ್ತು. ಇಬ್ಬರಿಗೂ ಗೊತ್ತಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು. ಅವರ ಹೆಂಡತಿಯೂ ಕಿವಿಗೊಟ್ಟಿದ್ದರು. ಹೇಗೆ ಎಣಿಸುತ್ತಿದ್ದಿರೋ ಹಾಗೇ ಒಂದು ಸಲ ಎಣಿಸಿ ತೋರಿಸಿ ಅಣ್ಣಾ, ನನಗೆ ಮರೆತುಹೋಗಿದೆ ಎಂದೆ. ಮರೆತಿರಲಿಲ್ಲ. ಎಣಿಕೆಯಲ್ಲಿ ಎಲ್ಲಿ ಎಡವುತ್ತಾರೆ ಎಂದು ನೋಡಲು ಕೇಳಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅವರು ಮೂಲೆಯಲ್ಲಿದ್ದ ಕಾಫಿ ಲೋಟಗಳನ್ನು ಹತ್ತಿರ ಎಳೆದುಕೊಂಡರು. ನಾವು ಕೊರೆಯುತ್ತಿದ್ದ ಬಗೆಯಲ್ಲಿ ಪ್ರತಿ ಸಲವೂ ರಾಡುಗಳನ್ನೆಲ್ಲ ಮೇಲೆತ್ತಿ ಕೋರ್ ತೆಗೆದು ಮತ್ತೆ ಎಲ್ಲವನ್ನೂ ಇಳಿಸಬೇಕು. ಮೊದಲು ಇಳಿಯುವುದು ಕೋರನ್ನು ಹಿಡಿಯುವ ಕೊಳವೆ, ಬ್ಯಾರೆಲ್ಲು. ಅದರ ಉದ್ದವೂ ಮೂರು ಮೀಟರ್. ಅದರ ಹಿಂದೆ ಒಂದೊಂದೇ ರಾಡು. ಅವರು ಮೊದಲ ಲೋಟವನ್ನು ನೆಲಕ್ಕೆ ಇಟ್ಟು “ಲಾಭ” ಎಂದರು. ಎರಡನೇ ಲೋಟ ಇಟ್ಟು “ಒಂದು” ಎಂದರು. ಮೂರನೆಯದಕ್ಕೆ “ಎರಡು.”

ನಾನು ಅವರ ಕೈ ಹಿಡಿದು ನಿಲ್ಲಿಸಿದೆ.

ತಿರುವಲ್ಲಿಕ್ಕೇಣಿಯ ಮನೆಯಲ್ಲಿ ಅಜ್ಜಿ ಹಿತ್ತಾಳೆಯ ಪಡಿಯಲ್ಲಿ ಅಕ್ಕಿ ಅಳೆಯುವಾಗ ಒಂದು ಎಂದು ಯಾವತ್ತೂ ಶುರು ಮಾಡಿದವಳಲ್ಲ. ಮೊದಲ ಪಡಿಗೆ ಲಾಭ. ಆಮೇಲೆ ಎರಡು, ಮೂರು, ನಾಲ್ಕು. ಮೊದಲನೆಯದಕ್ಕೆ ಒಳ್ಳೆಯ ಮಾತು ಸಲ್ಲಬೇಕು, ಅಷ್ಟೇ. ಲಾಭ ಅಂದರೇ ಒಂದು. ನಾನು ಎಣಿಸಲು ಕಲಿತದ್ದೇ ಆ ಪಡಿಯ ಪಕ್ಕ ಕೂತು. ಮೇಸ್ತ್ರಿ “ಲಾಭ” ಎಂದು ಕೂಗಿ ಬ್ಯಾರೆಲ್ಲು ಇಳಿಸುವಾಗ, ಅಜ್ಜಿಯೇ ಕೂಗಿದ ಹಾಗೆ ಕೇಳಿ ನನಗೆ ಎಷ್ಟು ಸಂತೋಷವಾಗುತ್ತಿತ್ತು. ಅವರು “ಮೂವತ್ತು” ಎಂದು ಮುಗಿಸಿದರೆ, ಲಾಭವೂ ಸೇರಿ ಮೂವತ್ತು ಎಂದು ಮೂವತ್ತನ್ನು ಮೂರರಿಂದ ಗುಣಿಸಿ ತೊಂಬತ್ತು ಮೀಟರ್ ಎಂದು ಬರೆಯುತ್ತಿದ್ದೆ.

“ಅಣ್ಣಾ, ಲಾಭ ಲೆಕ್ಕಕ್ಕೆ ಬರಲ್ವಾ?”

“ಅದೆಂಗೆ ಬರ್ತದೆ? ಅದು ಬ್ಯಾರೆಲ್ಲು. ರಾಡು ಮೂವತ್ತು, ಬ್ಯಾರೆಲ್ಲು ಬ್ಯಾರೆ. ಬರ್ಕೊಳೋನು ಕಡೇಗೆ ಬ್ಯಾರೆಲ್ಲು ಸೇರಿಸ್ಕೋಬೇಕು. ನಮ್ ಹಳೇ ಗುಮಾಸ್ತ ಇಪ್ಪತ್ತು ವರ್ಷದಿಂದ ಸೇರಿಸ್ಕೊಂಡೇ ಬಂದವ್ನೆ.”

ಹಳೇ ಗುಮಾಸ್ತನಿಗೆ ಆ ವರ್ಷ ವರ್ಗವಾಗಿತ್ತು. ದಕ್ಷಿಣದ ಸಾಲಿಗೆ ರಿಜಿಸ್ಟರ್ ಬರೆಯುವವರು ಯಾರೂ ಇರಲಿಲ್ಲ. ನಾನೇ ಬರೆಯುತ್ತೇನೆ, ಏನು ಮಹಾ ಎಂದು ಮುಂದೆ ಬಂದವಳು ನಾನು. ಎರಡನೇ ತಂಡದವರು ತಮಿಳರು. ಅವರೂ ಲಾಬಂ ಎಂದೇ ಶುರು ಮಾಡುತ್ತಿದ್ದರು, ಆದರೆ ಮುಂದಿನದಕ್ಕೆ ರೆಂಡು, ಅಂದರೆ ಎರಡು, ಎನ್ನುತ್ತಿದ್ದರು, ನಮ್ಮಜ್ಜಿಯ ಹಾಗೆ. ಅವರ ಮೂವತ್ತೊಂದು ಎಂದರೆ ಬ್ಯಾರೆಲ್ಲೂ ಸೇರಿ ಮೂವತ್ತೊಂದು. ನನ್ನ ಗುಣಾಕಾರ ಅವರಿಗೆ ಸರಿಹೋಯಿತು, ಇವರಿಗೆ ಮೂರು ಮೀಟರ್ ತಪ್ಪಿತು. ಎರಡು ತಂಡ ಸಂಧಿಸಿದ ನಾಲ್ಕನೇ ಬೋರಿನಲ್ಲಿ, ಎಂದೂ ಇಲ್ಲದಿದ್ದ ಮೂರು ಮೀಟರ್ ಲಿಗ್ನೈಟು ಹುಟ್ಟಿಕೊಂಡಿತು.

ತಪ್ಪು ಇವರದ್ದೆಂದು ಹೇಳಲು ಬಂದಿದ್ದೆ. ತಪ್ಪು ನನ್ನದು ಅಣ್ಣಾ ಎಂದೆ. ಅವರು ಲೋಟಗಳನ್ನು ಒಂದರೊಳಗೊಂದು ಜೋಡಿಸಿ ಬದಿಗಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ. ಆಮೇಲೆ ಒಳಗೆ ತಿರುಗಿ, “ಲೇ, ನನ್ ಹೊರಗಿನ್ ಷರ್ಟು ಕೊಡು” ಎಂದು ಹೆಂಡತಿಗೆ ಹೇಳಿದರು. ಬಾಯಿಮಾತು ಸಾಕಾಗುವುದಿಲ್ಲ, ಸಾಹೇಬರು ಕೈಯಲ್ಲಿ ಹಿಡಿದು ತಾ ಅಂದಿದ್ದಾರಲ್ಲ, ಪೆಟ್ಟಿಗೆ ತೆಗೆದು ನೋಡೋಣ ನಡಿ ಎಂದರು. ಮಂಡಿ ನೋವು ಎಂದು ನಾನು ಅಂದದ್ದು ಅವರ ಕಿವಿಗೆ ಬೀಳಲಿಲ್ಲ.

ಅವರು ಹೇಳಿದ ಉಪಾಯ ಸರಳ. ಮಧ್ಯದ ಮೂರು ಮೀಟರ್ ನಿಜವಾಗಿ ಕೊಚ್ಚಿಹೋಗಿದ್ದರೆ, ಮೊದಲ ತಂಡದ ಕೊನೆಯ ತುಂಡಿಗೂ ಎರಡನೇ ತಂಡದ ಮೊದಲ ತುಂಡಿಗೂ ಏನೂ ಸಂಬಂಧವಿರಬಾರದು. ಆ ಮೂರು ಮೀಟರ್ ಸುಳ್ಳಾಗಿದ್ದರೆ, ಒಂದೇ ಕೋಲನ್ನು ಮುರಿದ ಹಾಗೆ ಎರಡೂ ಕಚ್ಚಿ ಕೂರಬೇಕು.

ಆಟೋದಲ್ಲಿ ಕೂತಾಗ ನನಗಿದ್ದ ಭಯ ಬೇರೆ. ಲಿಗ್ನೈಟನ್ನು ಹಾಗೇ ಇಡುವುದಿಲ್ಲ. ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಅಲ್ಲಿ ಪುಡಿ ಮಾಡಿ ತೇವ, ಬೂದಿ ಎಲ್ಲ ಅಳೆಯುತ್ತಾರೆ. ಪೆಟ್ಟಿಗೆಯಲ್ಲಿ ಉಳಿಯುವುದು ಮಾದರಿಗೆ ಸಲ್ಲದ ಗಟ್ಟಿ ತುಂಡುಗಳು, ಪೂರ್ತಿ ಲಿಗ್ನೈಟಾಗದೆ ಉಳಿದ ಹಳೆಯ ಮರದ ಬೊಡ್ಡೆಗಳು. ಮುರಿದ ಜಾಗದಲ್ಲಿ ಅಂಥದ್ದೇನಾದರೂ ಇತ್ತೋ ಇಲ್ಲವೋ. ಇದ್ದರೂ ಎರಡು ವರ್ಷದ ಚೆನ್ನೈ ಸೆಕೆಯಲ್ಲಿ ಬಿರಿದು ಪುಡಿಯಾಗಿರಬಹುದು. ರಿಜಿಸ್ಟರಿನ ಫೋಟೋ ಫೋನಿನಲ್ಲಿತ್ತು. ಹಿಗ್ಗಿಸಿ ನೋಡಿದೆ. ಮೊದಲ ತಂಡದ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೆ: ತಳದಲ್ಲಿ ಮರದ ತುಂಡು, ಗಟ್ಟಿ, ಮಾದರಿಗೆ ತೆಗೆದಿಲ್ಲ.

ಗೋದಾಮು ತಾಂಬರಂ ಆಚೆ, ತಗಡಿನ ಚಾವಣಿ. ಒಳಗೆ ಹೆಜ್ಜೆ ಇಟ್ಟರೆ ಬಿಸಿ ಮುಖಕ್ಕೆ ರಾಚುತ್ತದೆ, ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ. ಹಿಂದಿನ ಚಂಡಮಾರುತದ ಮಳೆಯಲ್ಲಿ ಚಾವಣಿ ಸೋರಿ ಕೆಳಗಿನ ಸಾಲಿನ ಪೆಟ್ಟಿಗೆಗಳ ಮೇಲಿನ ಬರಹ ಅಳಿಸಿಹೋಗಿತ್ತು. ಮುಚ್ಚಳಗಳನ್ನು ಒಂದೊಂದೇ ಎತ್ತಿ, ಒಳಗಿನ ಮರದ ಚೂರುಗಳ ಮೇಲೆ ನಾನೇ ಬರೆದ ಆಳದ ಅಂಕಿಗಳನ್ನು ಓದುತ್ತ ಹೋದೆವು. ಒಂದು ಗಂಟೆಯ ಮೇಲೆ ಮೊದಲ ತಂಡದ ಕೊನೆಯ ಪೆಟ್ಟಿಗೆ ಸಿಕ್ಕಿತು. ಮೂಲೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮರದ ತುಂಡು ಇತ್ತು. ಬಿಳಿ ಬೂಷ್ಟಿನ ಹಾಗೆ ಹುಡಿ ಕಟ್ಟಿತ್ತು, ಆದರೆ ಮುರಿದಿರಲಿಲ್ಲ.

ಎರಡನೇ ತಂಡದ ಮೊದಲ ಪೆಟ್ಟಿಗೆ ಇರಲಿಲ್ಲ.

ಅದರ ಮುಂದಿನ ಪೆಟ್ಟಿಗೆ ಇತ್ತು, ಅದರ ಮುಂದಿನದೂ ಇತ್ತು. ಬೇಕಾದದ್ದು ಮಾತ್ರ ಇರಲಿಲ್ಲ. ಇನ್ನೊಂದು ಸಲ ಎಲ್ಲ ಸಾಲು ನೋಡಿದೆವು. ನನ್ನ ಸೀರೆಯೆಲ್ಲ ಕಂದು ಹುಡಿ. ಮೇಸ್ತ್ರಿ ಕಂಬ ಹಿಡಿದುಕೊಂಡು ಒಂದು ಕಾಲಲ್ಲಿ ನಿಂತಿದ್ದರು. ಹೋಗೋಣ ಅಣ್ಣಾ, ನೀವು ಎಣಿಸಿದ್ದನ್ನೇ ಬರೆದುಕೊಡುತ್ತೇನೆ, ಒಪ್ಪಿದರೆ ಒಪ್ಪಲಿ ಎಂದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಕಾವಲುಗಾರ ಕೂತು ಊಟದ ಪೊಟ್ಟಣ ಬಿಚ್ಚುತ್ತಿದ್ದ.

“ತಾಯೀ, ಆವಪ್ಪ ಕುಂತಿರೋದು ಯಾವುದರ ಮ್ಯಾಲೆ?”

ಕಾವಲುಗಾರ ಪಾಪ ಗಾಬರಿಯಾಗಿ ಎದ್ದ. ತಾನು ಮುಚ್ಚಳ ತೆಗೆದೇ ಇಲ್ಲ, ಮೊಳೆ ಹೊಡೆದದ್ದು ಹಾಗೇ ಇದೆ, ಚಾವಣಿ ಸೋರಿದಾಗ ಬಾಗಿಲ ಬಳಿಯ ಒಣ ಜಾಗದಲ್ಲಿ ಕೂರಲು ಏನಾದರೂ ಬೇಕಿತ್ತು ಎಂದು ಒಂದೇ ಸಮನೆ ಹೇಳತೊಡಗಿದ. ಅವನಿಗೆ ಕೈ ಮುಗಿಯಬೇಕು ಎನ್ನಿಸಿತು. ಅಷ್ಟು ದಿನವೂ ಅದರ ಮೇಲೆ ಕೂತು ಒಂದು ಹನಿ ನೀರು ಒಳಗೆ ಹೋಗದ ಹಾಗೆ ಕಾಪಾಡಿದ್ದ.

ಮೇಸ್ತ್ರಿ ಮೊಳೆ ಕಿತ್ತರು. ಮೊದಲ ಗೂಡಿನಲ್ಲಿ, ಆಳದ ಅಂಕಿ ಬರೆದ ಮರದ ಚೂರಿನ ಪಕ್ಕದಲ್ಲೇ, ಅಂಗೈಯಗಲದ ಇನ್ನೊಂದು ಮರದ ತುಂಡು. ಅದರ ಮೇಲೆ ಹಿತ್ತಾಳೆಯ ಬಣ್ಣದ ಒಂದು ಎಳೆ ಓರೆಯಾಗಿ ಹಾದುಹೋಗಿತ್ತು. ಲಿಗ್ನೈಟಿನಲ್ಲಿ ಗಂಧಕ ಕಬ್ಬಿಣ ಸೇರಿ ಅಂಥ ಎಳೆ ಕಟ್ಟುತ್ತದೆ. ನಾನು ಮೊದಲ ತುಂಡಿನ ಪ್ಲಾಸ್ಟಿಕ್ ಬಿಚ್ಚಿದೆ. ಬಿಳಿ ಹುಡಿಯನ್ನು ಸೀರೆಯ ಸೆರಗಿನಲ್ಲಿ ಒರೆಸಿದೆ. ಅದರ ತಳದಲ್ಲೂ ಹಿತ್ತಾಳೆಯ ಎಳೆ, ಅದೇ ಓರೆ.

ಸೇರಿಸಲು ಧೈರ್ಯ ಬರಲಿಲ್ಲ. ಮೇಸ್ತ್ರಿ ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡರು. ಒಂದನ್ನು ಸ್ವಲ್ಪ ತಿರುಗಿಸಿದರು. ಕೂರಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದರು. ಟಕ್ ಎಂದು ಸಣ್ಣ ಸದ್ದಾಯಿತು, ಡಬ್ಬಿಗೆ ಮುಚ್ಚಳ ಕೂತ ಹಾಗೆ. ಹಿತ್ತಾಳೆಯ ಎಳೆ ಮೇಲಿಂದ ಕೆಳಗೆ ಒಂದೇ ಗೆರೆಯಾಗಿ ಓಡಿತು. ಬೆಳಕಿಗೆ ಹಿಡಿದರೂ ನಡುವೆ ಸಂದು ಕಾಣಲಿಲ್ಲ.

ಕಾಗದದ ಮೇಲೆ ಆ ಎರಡು ತುಂಡುಗಳ ನಡುವೆ ಮೂರು ಮೀಟರ್ ಇತ್ತು. ಆ ಮೂರು ಮೀಟರಿನ ಮೇಲೆ ಟನ್ನುಗಳು, ಟನ್ನುಗಳ ಮೇಲೆ ಒಂದು ಗುಂಡಿ, ಗುಂಡಿಯ ಜಾಗದಲ್ಲಿ ಒಂದು ಊರು.

ಮೇಸ್ತ್ರಿ ತುಂಡುಗಳನ್ನು ನನ್ನ ಕೈಗಿಟ್ಟು, “ನನ್ ಲೆಕ್ಕ ಸರಿ ಇತ್ತು, ಅಲ್ವಾ?” ಎಂದು ಮೆಲ್ಲಗೆ ಕೇಳಿದರು. ಸರಿ ಇತ್ತು ಅಣ್ಣಾ ಎಂದೆ. ಅವರು ತಲೆ ಆಡಿಸಿ, ಕಾವಲುಗಾರನ ಪೆಟ್ಟಿಗೆ ಕಿತ್ತುಕೊಂಡದ್ದಕ್ಕೆ ಅವನಿಗೆ ಕೂರಲು ಬೇರೆ ಏನಾದರೂ ಕೊಡಿ ಎಂದರು.

ಭಾನುವಾರ ಪೂರ್ತಿ ಕೂತು ಟಿಪ್ಪಣಿ ಬರೆದೆ. ಎರಡು ದಾರಿ ಇದ್ದವು. ಕೋರ್ ಮರುಪರಿಶೀಲನೆಯಿಂದ ದಪ್ಪ ತಿದ್ದಲಾಗಿದೆ ಎಂದು ಒಂದೇ ಸಾಲು ಬರೆದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಓದಿದವರು ತಪ್ಪನ್ನು ಕೊರೆದವರ ತಲೆಗೇ ಕಟ್ಟುತ್ತಾರೆ. ನಾನೇ ಮೊದಲು ಹಾಗೆ ಕಟ್ಟಿದ್ದೆನಲ್ಲ. ಹಾಗಾಗಿ ಉದ್ದವಾಗಿ ಬರೆದೆ. ತಂಡ ಎಣಿಸಿದ ಕ್ರಮ ಹೀಗೆ, ಅದು ಸರಿ. ರಿಜಿಸ್ಟರ್ ಬರೆದ ಅಧಿಕಾರಿ ಬ್ಯಾರೆಲ್ಲಿನ ಉದ್ದ ಸೇರಿಸಲಿಲ್ಲ. ಆ ಅಧಿಕಾರಿ ನಾನು. ಸ್ತರಭಂಗ ಇಲ್ಲ. ನಾಲ್ಕನೇ ಬೋರಿನ ದಪ್ಪ ಎಂಟು ಮೀಟರ್ ಚಿಲ್ಲರೆ. ಹೊಸ ಬೋರ್ ಕೊರೆದು ಲಾಗಿಂಗ್ ಮಾಡುವವರೆಗೆ ಈ ಮೂಲೆಯನ್ನು ಖಚಿತ ನಿಕ್ಷೇಪದ ಪಟ್ಟಿಯಿಂದ ತೆಗೆಯಬೇಕು.

ಸೋಮವಾರ ಹತ್ತು ಗಂಟೆಗೆ ಟಿಪ್ಪಣಿಯನ್ನೂ, ಕರವಸ್ತ್ರದಲ್ಲಿ ಕಟ್ಟಿದ ಎರಡು ತುಂಡುಗಳನ್ನೂ ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಮೊದಲು ತುಂಡುಗಳನ್ನು ತೆಗೆದುಕೊಂಡರು. ಸೇರಿಸಿದರು, ಬಿಡಿಸಿದರು, ಮತ್ತೆ ಸೇರಿಸಿದರು. ಆಮೇಲೆ ಟಿಪ್ಪಣಿ ಓದಿದರು. ಒಂದು ಜಾಗಕ್ಕೆ ಬಂದಾಗ ಬೆರಳು ನಿಂತಿತು.

“ಲಾಬಂ, ರೆಂಡು, ಮೂಣು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. “ನಮ್ಮಮ್ಮನೂ ಹಂಗೇ ಅಳೀತಿದ್ರು. ನಿನ್ನ ಜಾಗದಲ್ಲಿದ್ದಿದ್ರೆ ರಿಜಿಸ್ಟರಲ್ಲಿ ನಾನೂ ಹಂಗೇ ಬರೀತಿದ್ದೆ.”

ಅಷ್ಟು ಹೇಳಿ ಅವರು ವರದಿಯಿಂದ ಸಹಿಯ ಪುಟವನ್ನು ಬಿಡಿಸಿ ತಮ್ಮ ಡ್ರಾಯರಿಗೆ ಹಾಕಿದರು. ಫೋನೆತ್ತಿ ಮಂಗಳವಾರದ ಪಟ್ಟಿಯಿಂದ ನಮ್ಮ ವಿಷಯ ತೆಗೆಯಲು ಹೇಳಿದರು. ಆ ಕಡೆಯವರು ಏನೇನೋ ಕೇಳಿದರು. ಇವರು, ಅಳತೆ ತಪ್ಪಿದೆ, ತಿದ್ದಿ ಕೊಡುತ್ತೇವೆ ಎಂದಷ್ಟೇ ಮೂರು ಸಲ ಹೇಳಿದರು. ಕೊನೆಯ ವರದಿ ಅವರ ಕಾಲದಲ್ಲಿ ಹೋಗಲಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಬಿತ್ತು. ಅದನ್ನು ಬರೆಸಿದವರೂ ಅವರೇ. ಬೀಳ್ಕೊಡುಗೆಯ ದಿನ ಹೂಮಾಲೆ ತೆಗೆದಿಟ್ಟು, ಆ ಮರದ ತುಂಡುಗಳನ್ನು ಮನೆಗೆ ಒಯ್ಯಬಹುದಿತ್ತು, ಸರ್ಕಾರದ ಆಸ್ತಿಯಾಗಿಹೋಯಿತು ಎಂದು ನಕ್ಕರು.

ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ, ಹಳೆಯ ನಾಲ್ಕನೇ ಬೋರಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಹೊಸ ಬೋರ್ ಕೊರೆದೆವು. ಈಗ ರಿಜಿಸ್ಟರಿನಲ್ಲಿ ಬ್ಯಾರೆಲ್ಲಿಗೆ ಬೇರೆ ಅಂಕಣವಿದೆ. ಯಾರು ಹೇಗೆ ಕೂಗಿದರೂ ಅದು ತುಂಬದೆ ಮುಂದಿನ ಅಂಕಣಕ್ಕೆ ಹೋಗುವ ಹಾಗಿಲ್ಲ. ಕೊರೆದು ಮುಗಿದ ದಿನವೇ ಲಾಗಿಂಗ್ ಆಯಿತು. ಕಾಗದದ ಮೇಲೆ ಗೆರೆ ಇಳಿಯುತ್ತ ಬಂದು ಪದರದ ಹತ್ತಿರ ಹೊರಳುವಾಗ ನಾನು ಅಳತೆಪಟ್ಟಿ ಹಿಡಿದು ಬಗ್ಗಿ ನಿಂತಿದ್ದೆ. ತಲೆಯಿಂದ ಬುಡಕ್ಕೆ ಎಂಟು ಮೀಟರ್, ಮೇಲೆ ನಾಲ್ಕು ಬೆರಳು. ತಾಂಬರಂಗೆ ಫೋನ್ ಮಾಡಿ ಹೇಳಿದೆ. ಮೇಸ್ತ್ರಿ ಬರೀ ಹೂಂ ಎಂದರು.

ಗದ್ದೆಯ ಒಡತಿ ಅಂಗಳದಲ್ಲಿ ನಮ್ಮ ಶಿಬಿರದ ಅಡುಗೆಗೆ ಅಕ್ಕಿ ಅಳೆದು ಕೊಡುತ್ತಿದ್ದಳು. ಅಳೆಯುವುದು ನಿಲ್ಲಿಸದೆಯೇ, ಕೆಳಗೆ ಎಷ್ಟಿದೆಯಂತಮ್ಮಾ ಎಂದು ಕೇಳಿದಳು. ಎಂಟು ಮೀಟರ್ ಎಂದೆ. ಮೊದಲು ಹನ್ನೊಂದು ಅಂದಿದ್ದಿರಂತೆ ಎಂದಳು. ಊರಿಗೆ ಎಲ್ಲ ಸುದ್ದಿಯೂ ಮುಟ್ಟುತ್ತದೆ. ನಾನು ತಪ್ಪಾಗಿ ಎಣಿಸಿದ್ದೆ, ಈಗ ಇರುವಷ್ಟೇ ಬರೆದಿದ್ದೇನೆ, ಮೊದಲ ಗುಂಡಿಯ ಚೌಕ ಈ ಮೂಲೆಯಿಂದ ತೆಗೆದಾಯಿತು ಎಂದೆ. ಮುಂದೆ ಏನೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. ಎಷ್ಟು ಅಳೆದೆನೆಂದು ಮರೆತುಹೋಯಿತು ನೋಡಿ ಎಂದು, ಚೀಲದ ಅಕ್ಕಿಯನ್ನು ಮೊರಕ್ಕೆ ಸುರಿದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಲಾಬಂ ಎಂದು ಮೊದಲ ಪಡಿ ಚೀಲಕ್ಕೆ ಬಿತ್ತು. ಎರಡನೆಯದಕ್ಕೆ ಅವಳು ಏನೆನ್ನುತ್ತಾಳೋ ಎಂದು ನಾನು ಕಿವಿಗೊಟ್ಟು ನಿಂತೆ.